ಎಎಫ್‌ಪಿ ರಿಪೋರ್ಟಿಗಿಂತ ಮೊದಲು ಕೂಸಿನ ವಯಸ್ಸು

ಕೂಸಿಗೆ ಎರೆಯುವಾಗ ಬಲಪಕ್ಕೆಯ ಕೆಳಗೆ ಗಟ್ಟಿ ಗಂಟು ಕೈಗೆ ಸಿಗುತ್ತದೆ. ನೋವಿಲ್ಲ, ಕೂಸು ಆಡಿಕೊಂಡೇ ಇರುತ್ತದೆ. ‘ಹೊಟ್ಯಾಗ ಜಂತ ಆಗ್ಯಾವ’ ಅಂತ ಔಷಧ ಹಾಕುತ್ತ ತಿಂಗಳು ಕಳೆಯುವುದೂ ಉಂಟು. ಮೂರು ವರ್ಷದೊಳಗಿನ ಮಕ್ಕಳ ಯಕೃತ್ತಿನ ಕ್ಯಾನ್ಸರ್ ಎಂದರೆ ಬಹುಪಾಲು ಹೆಪಟೊಬ್ಲಾಸ್ಟೊಮಾ. ಅಪರೂಪದ್ದೇ. ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಕಂಡರೆ ಡಾಕ್ಟರು ಬರೆಯುವ ರಕ್ತಪರೀಕ್ಷೆ ಎಎಫ್‌ಪಿ, ಅಂದರೆ ಆಲ್ಫಾ ಫೀಟೊಪ್ರೋಟೀನ್.

ಹೊಟ್ಟೆಯೊಳಗಿನ ಕೂಸಿನ ಯಕೃತ್ತು ಈ ಪ್ರೋಟೀನನ್ನು ಯಥೇಚ್ಛ ತಯಾರಿಸುತ್ತದೆ. ಹುಟ್ಟಿದ ದಿನ ರಕ್ತದ ಪ್ರತಿ ಮಿಲಿಲೀಟರಿನಲ್ಲಿ 40–50 ಸಾವಿರ ನ್ಯಾನೊಗ್ರಾಂ ಇದ್ದರೂ ಸಹಜ. ದೊಡ್ಡವರ ಮಟ್ಟಕ್ಕೆ, ಎಂದರೆ 10ರ ಒಳಗೆ, ಇಳಿಯಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ದಿನ ತುಂಬದೆ ಹುಟ್ಟಿದ ಕೂಸಿಗೆ ಇನ್ನೂ ತಡ. ಒಂದು ತಿಂಗಳ ಕೂಸಿಗೆ 3,000 ಬಂದರೆ ಗಾಬರಿ ಬೇಡ, ಎರಡು ವರ್ಷದ ಮಗುವಿಗೆ ಅದೇ 3,000 ಬಂದರೆ ತಡಮಾಡುವಂತಿಲ್ಲ. ರಿಪೋರ್ಟಿನ ಪಕ್ಕದಲ್ಲಿ ಅಚ್ಚಾಗಿರುವ ‘0–10’ ಸಾಮಾನ್ಯವಾಗಿ ದೊಡ್ಡವರದು.

ಸುಮಾರು 90 ಶೇಕಡಾ ಹೆಪಟೊಬ್ಲಾಸ್ಟೊಮಾಗಳಲ್ಲಿ ಎಎಫ್‌ಪಿ ಏರಿರುತ್ತದೆ, ಎಷ್ಟೋ ಸಲ ಲಕ್ಷ ದಾಟುತ್ತದೆ. ಗಡ್ಡೆ ದೊಡ್ಡದಿದ್ದೂ 100ಕ್ಕಿಂತ ಕಡಿಮೆ ಬಂದರೆ ಅದು ಸಮಾಧಾನದ ಸುದ್ದಿಯಲ್ಲ. ರೋಗ ಹೆಚ್ಚು ಮೊಂಡು ಎಂದೇ ಅರ್ಥ, ಇಲ್ಲವೆ ಮಷೀನ್ ಮೋಸಹೋಗಿದೆ. ಪರೀಕ್ಷೆಯಲ್ಲಿ ಒಂದು ಆ್ಯಂಟಿಬಾಡಿ (ಈ ಪ್ರೋಟೀನಿಗೇ ಅಂಟುವ ಅಣು) ಪ್ರೋಟೀನನ್ನು ಹಿಡಿಯಬೇಕು, ಇನ್ನೊಂದು ಅದೇ ಅಣುವಿನ ಮೇಲೆ ಕೂತು ಮಿನುಗಬೇಕು. ಪ್ರೋಟೀನ್ ವಿಪರೀತ ಇದ್ದರೆ ಒಂದೊಂದು ಆ್ಯಂಟಿಬಾಡಿಯೂ ಬೇರೆಬೇರೆ ಅಣುಗಳನ್ನು ಹಿಡಿದು ಕೂರುತ್ತದೆ, ಜೋಡಿ ಕೂಡುವುದೇ ಇಲ್ಲ, ಅಂಕಿ ಸುಳ್ಳೇ ಕೆಳಗೆ ಬರುತ್ತದೆ. ಇದಕ್ಕೆ ಹುಕ್ ಎಫೆಕ್ಟ್ ಎನ್ನುತ್ತಾರೆ. ಪರಿಹಾರ ಸರಳ: ಸೀರಂ ಅನ್ನು, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯನ್ನು, 100 ಪಟ್ಟು ತೆಳುಮಾಡಿ ಮತ್ತೆ ಓಡಿಸುವುದು. ಆದರೆ ಗಡ್ಡೆ ಇದೆ ಎಂದು ಚೀಟಿಯಲ್ಲಿ ಬರೆದಿದ್ದರೆ ತಾನೆ ಲ್ಯಾಬಿನವರಿಗೆ ಅದು ಹೊಳೆಯುವುದು!

ಏರಿಕೆ ಎಂದರೆ ಇದೇ ರೋಗ ಎಂದೂ ಅಲ್ಲ. ಜರ್ಮ್ ಸೆಲ್ ಗಡ್ಡೆ (ಅಂಡಾಣು, ವೀರ್ಯಾಣುಗಳ ಮೂಲ ಕೋಶಗಳಿಂದ ಬೆಳೆಯುವುದು), ಟೈರೊಸಿನೀಮಿಯಾ ಎಂಬ ಆನುವಂಶಿಕ ಕಾಯಿಲೆ, ಹೆಪಟೈಟಿಸ್‌ನಲ್ಲೂ ಏರುತ್ತದೆ. ಹೀಗಾಗಿ ಸಾಮಾನ್ಯವಾಗಿ ಬಯಾಪ್ಸಿ, ಅಂದರೆ ಗಡ್ಡೆಯ ಚೂರು ತೆಗೆದು ನೋಡುವುದು, ತಪ್ಪದು.

ಎಎಫ್‌ಪಿಯ ನಿಜವಾದ ಉಪಯೋಗ ಚಿಕಿತ್ಸೆಯ ನಂತರ. ಗಡ್ಡೆ ಪೂರ್ತಿ ತೆಗೆದರೆ ಸುಮಾರು 6 ದಿನಕ್ಕೊಮ್ಮೆ ಅರ್ಧವಾಗಬೇಕು: 1,00,000 ಇದ್ದದ್ದು 30 ದಿನಕ್ಕೆ 3,000ದ ಹತ್ತಿರ. ನಡುವೆ ನಿಂತರೆ ಅಥವಾ ತಿರುಗಿ ಏರಿದರೆ ಅನುಮಾನ. ಉಳಿದ ಯಕೃತ್ತು ಬೆಳೆಯುವಾಗಲೂ ತುಸು ಏರುವುದರಿಂದ ಒಂದೇ ಅಂಕಿ ನಂಬದೆ ಮತ್ತೆ ನೋಡುತ್ತಾರೆ.

ಹಾವೇರಿ, ಗದಗದಲ್ಲಿ ತೆಗೆದ ರಕ್ತ ಹುಬ್ಬಳ್ಳಿ ಲ್ಯಾಬಿಗೆ ಹೋದರೂ, ಸೀರಂ ಬೇರೆಮಾಡಿ ತಂಪಾಗಿಟ್ಟರೆ ಕೆಡುವುದಿಲ್ಲ. ಕೆಡುವುದು ಲೆಕ್ಕ, ಪ್ರತಿ ಸಲ ಲ್ಯಾಬ್ ಬದಲಿಸಿದಾಗ. ಒಬ್ಬರು ನ್ಯಾನೊಗ್ರಾಂ ಬರೆಯುತ್ತಾರೆ, ಇನ್ನೊಬ್ಬರು ಐಯು, ಅಂದರೆ ಇಂಟರ್‌ನ್ಯಾಷನಲ್ ಯೂನಿಟ್. 1 ಐಯು ಎಂದರೆ ಸುಮಾರು 1.2 ನ್ಯಾನೊಗ್ರಾಂ.