ಸಮಾಧಿಗೆ ಕೊಟ್ಟ ದುಡ್ಡಿಗೆ ಸಿಗುವುದೇನು? ಮಂಗಳೂರಿನ 'ಫ್ಯಾಮಿಲಿ ಗ್ರೇವ್' ಹಿನ್ನೆಲೆ

"ಫಾದರ್, ನಮಗೊಂದು ಫ್ಯಾಮಿಲಿ ಗ್ರೇವ್ ಸಿಗಬಹುದಾ?" ಫ್ಯಾಮಿಲಿ ಗ್ರೇವ್ ಎಂದರೆ ಒಂದೇ ಮನೆಯವರಿಗೆ ಮೀಸಲಾದ ಸಮಾಧಿ. ಮಂಗಳೂರಿನ ಹಳೆಯ ಚರ್ಚುಗಳಲ್ಲಿ ಈ ಪ್ರಶ್ನೆಗೆ ಸುಲಭದಲ್ಲಿ ಹೌದು ಎನ್ನಲಾಗುವುದಿಲ್ಲ. ಯಾಕೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಂಪನಕಟ್ಟೆಯ ಕ್ಯಾಥೊಲಿಕರ ಮಿಲಾಗ್ರಿಸ್ ಚರ್ಚ್ ಶುರುವಾದದ್ದು 1680ರಲ್ಲಿ. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಈ ಚರ್ಚೂ ನೆಲಸಮವಾಯಿತು. ಎಷ್ಟೋ ಜನ ದಾರಿಯಲ್ಲಿ, ಸೆರೆಯಲ್ಲಿ ತೀರಿಕೊಂಡರು. ಅವರ ಸಮಾಧಿ ಎಲ್ಲಿದೆಯೆಂದು ಮನೆಯವರಿಗೂ ಗೊತ್ತಾಗಲಿಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಉಳಿದವರು ಊರಿಗೆ ಮರಳಿದರು, ಚರ್ಚುಗಳು ಮತ್ತೆ ಎದ್ದವು. ನಮ್ಮವರ ಪಕ್ಕದಲ್ಲೇ ಮಣ್ಣಾಗಬೇಕೆಂಬ ಹಂಬಲ ಇಲ್ಲಿ ಇಷ್ಟು ಗಟ್ಟಿಯಾಗಿರುವುದಕ್ಕೆ ಆ ನೋವೂ ಒಂದು ಕಾರಣ ಎಂದೇ ನನಗನಿಸುತ್ತದೆ. 1834ರಲ್ಲಿ ಬಂದ ಪ್ರೊಟೆಸ್ಟಂಟ್ ಪಂಗಡದ ಬಾಸೆಲ್ ಮಿಷನ್‌ನವರದ್ದು ಬೇರೆ ಸಭೆ, ಬೇರೆ ಸ್ಮಶಾನ.

ಆಮೇಲೆ ಪೇಟೆ ಬೆಳೆಯಿತು, ಸ್ಮಶಾನ ಬೆಳೆಯಲಿಲ್ಲ. ಸುತ್ತ ರಸ್ತೆ, ಅಂಗಡಿ, ಫ್ಲ್ಯಾಟು. ಹಾಗಾಗಿ ಸಾಮಾನ್ಯ ಗುಂಡಿಯನ್ನು ಕೆಲವು ವರ್ಷ ಬಿಟ್ಟು ಇನ್ನೊಬ್ಬರಿಗಾಗಿ ತೆರೆಯುತ್ತಾರೆ. ಫ್ಯಾಮಿಲಿ ಗ್ರೇವ್ ಆದರೆ ಅದನ್ನು ತೆರೆಯುವುದು ಅದೇ ಮನೆಯವರಿಗಾಗಿ ಮಾತ್ರ. ಅಂಥ ಕಲ್ಲುಗಳನ್ನು ನೋಡಿ: ಕನ್ನಡ ಲಿಪಿಯ ಕೊಂಕಣಿಯಲ್ಲಿ ಮೇಲೆ ಅಜ್ಜನ ಹೆಸರು, ಕೆಳಗೆ ಅಜ್ಜಿಯದ್ದು, ಆಮೇಲೆ ಮಗನದ್ದು. ಅದರ ಕೆಳಗೆ ಖಾಲಿ ಜಾಗ.

ದುಡ್ಡು ಕಟ್ಟಿದರೆ ನೆಲ ನಮ್ಮದಾಯಿತು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ನೆಲ ಚರ್ಚಿನದ್ದೇ, ನಮಗೆ ಸಿಗುವುದು ಬಳಸುವ ಹಕ್ಕು. ಎಷ್ಟು ವರ್ಷಕ್ಕೆ, ಯಾರ್ಯಾರಿಗೆ, ಕಲ್ಲು ಎಷ್ಟು ಎತ್ತರ ಇರಬಹುದು ಎಂಬುದೆಲ್ಲ ಒಂದೊಂದು ಚರ್ಚಿನಲ್ಲಿ ಒಂದೊಂದು ಥರ. 1983ರ ಕ್ಯಾನನ್ ಕಾನೂನಿನ, ಅಂದರೆ ಕ್ಯಾಥೊಲಿಕ್ ಚರ್ಚಿನದ್ದೇ ಕಾನೂನಿನ ಪ್ರಕಾರ ತೀರಿಕೊಂಡವರ ಚರ್ಚಿಗೆ ಸ್ಮಶಾನ ಇದ್ದರೆ ಅಲ್ಲೇ ಹೂಳಬೇಕು. ಆದರೆ ಬೇರೆ ಸ್ಮಶಾನ ಆರಿಸಿಕೊಳ್ಳುವ ಅವಕಾಶವೂ ಇದೆ.

ಜಾಗ ಆರಿಸುವಾಗ ಮಳೆಗಾಲದಲ್ಲೊಮ್ಮೆ ಹೋಗಿ ನೋಡಿ. ನಮ್ಮ ಮುರಕಲ್ಲಿನ ನೆಲವನ್ನು ಹಾರೆ, ಪಿಕ್ಕಾಸು ಹಿಡಿದು ಕಡಿಯಬೇಕು. ಜುಲೈ ಮಳೆಗೆ ತಗ್ಗಿನ ಗುಂಡಿಯಲ್ಲಿ ಒರತೆ ಎದ್ದು ನೀರು ನಿಲ್ಲುತ್ತದೆ. ಪೆಟ್ಟಿಗೆ ಇಳಿಸುವ ಮೊದಲು ಬಕೆಟ್‌ನಲ್ಲಿ ನೀರು ಮೊಗೆಯುವುದನ್ನು ನೋಡುತ್ತ ನಿಲ್ಲುವುದು ಮನೆಯವರಿಗೆ ಎಂಥ ಸಂಕಟ! ಸಾಧ್ಯವಿದ್ದರೆ ಎತ್ತರದ ಜಾಗ ಕೇಳಿ.

ದಹನಕ್ಕೆ ವ್ಯಾಟಿಕನ್ 1963ರಲ್ಲೇ ಒಪ್ಪಿದೆ. ಬೂದಿಯನ್ನು ಮನೆಯಲ್ಲಿಡಬಾರದು, ಚೆಲ್ಲಬಾರದು, ಸ್ಮಶಾನದಂಥ ಪವಿತ್ರ ಸ್ಥಳದಲ್ಲೇ ಇಡಬೇಕು ಎಂದು 2016ರಲ್ಲಿ ಸ್ಪಷ್ಟಪಡಿಸಿತು. ಬೂದಿಗೆ ಜಾಗ ಕಡಿಮೆ ಸಾಕು. ಜಾಗದ ಚಿಂತೆ ಇರುವ ಚರ್ಚುಗಳು ಇದನ್ನು ಭಕ್ತರೆದುರು ಮುಕ್ತವಾಗಿ ಮಾತಾಡಬೇಕು.

ಫ್ಯಾಮಿಲಿ ಗ್ರೇವೇ ಬೇಕೆನ್ನುವವರು ನಿಯಮಗಳನ್ನು ಬರಹದಲ್ಲೇ ಕೇಳಿ ಪಡೆಯಿರಿ. ರಶೀದಿ ಯಾರ ಹೆಸರಿನಲ್ಲಿದೆ, ಅವರ ನಂತರ ಹಕ್ಕು ಯಾರಿಗೆ ಎಂಬುದು ಚರ್ಚಿನ ಪುಸ್ತಕದಲ್ಲಿ ದಾಖಲಾಗಲಿ. ಮಕ್ಕಳು ದುಬೈಯಲ್ಲೋ ಕೆನಡಾದಲ್ಲೋ ಇದ್ದರೆ ರಶೀದಿಯ ಫೋಟೋ ತೆಗೆದು ಈಗಲೇ ಕಳಿಸಿಬಿಡಿ.