ಚಿತ್ರದ ಜೊತೆ ವಿಳಾಸವನ್ನೂ ಕೊಡಿ

ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಚಿತ್ರ ಇದೆ. ಕಡುನೀಲಿ ಹಿನ್ನೆಲೆ. ಅದರ ಮೇಲೆ ಜರೀಗಿಡದ ಎಳೆ ಚಿಗುರಿನ ಹಾಗೆ ಸುರುಳಿ ಸುತ್ತಿಕೊಂಡ ಹೊಂಬಣ್ಣದ ಗೆರೆಗಳು. ಅದು ಸಿಗುವುದಕ್ಕೆ ಒಂದು ಇಡೀ ಭಾನುವಾರ ಹಿಡಿದಿತ್ತು. ಈಗ ಅದನ್ನು ದೊಡ್ಡದಾಗಿ ಮುದ್ರಿಸಿ ಗೋಡೆಗೆ ಹಾಕೋಣ ಎಂದರೆ ಆಗುತ್ತಿಲ್ಲ. ಹಿಗ್ಗಿಸಿದರೆ ಒಡೆದು ಚೌಕಚೌಕವಾಗಿ ಕಾಣುತ್ತದೆ. ಅಂದು ನಾನು ಚಿತ್ರವನ್ನು ಮಾತ್ರ ಉಳಿಸಿಕೊಂಡೆ. ಅದು ಸಿಕ್ಕಿದ್ದು ಎಲ್ಲಿ ಅನ್ನುವುದನ್ನು ಬರೆದಿಡಲಿಲ್ಲ. ಆಮೇಲೆ ಎಷ್ಟೋ ರಾತ್ರಿ ಹುಡುಕಿದೆ. ಆ ಜಾಗ ಮತ್ತೆ ಕಾಣಿಸಲಿಲ್ಲ.

ಚಿತ್ರ ಬಿಡಿಸುವುದು ಅಲ್ವಾ, ಅದನ್ನು ಹುಡುಕುವುದು ಏನು ಬಂತು? ಇದು ಫ್ರ್ಯಾಕ್ಟಲ್ ಚಿತ್ರ, ಅಂದರೆ ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಿಸಿ ಕಂಪ್ಯೂಟರಿನಿಂದ ಹುಟ್ಟಿಸುವ ಚಿತ್ರ. ಇಂಥವುಗಳ ವಿಷಯದಲ್ಲಿ ಬಿಡಿಸುವುದಕ್ಕಿಂತ ಹುಡುಕುವುದೇ ಜಾಸ್ತಿ.

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಮನಸ್ಸಿನಲ್ಲಿ ಒಂದು ಸಂಖ್ಯೆ ಇಟ್ಟುಕೊಳ್ಳಿ. ಸೊನ್ನೆಯಿಂದ ಶುರು ಮಾಡಿ. ಕೈಯಲ್ಲಿರುವುದರ ವರ್ಗ ತೆಗೆದು, ಮನಸ್ಸಿನ ಸಂಖ್ಯೆಯನ್ನು ಅದಕ್ಕೆ ಕೂಡಿಸಿ. ಬಂದ ಉತ್ತರಕ್ಕೂ ಹಾಗೇ ಮಾಡಿ. ಮತ್ತೆ ಮತ್ತೆ ಮಾಡಿ. ಮನಸ್ಸಿನ ಸಂಖ್ಯೆ 1 ಆಗಿದ್ದರೆ 0, 1, 2, 5, 26 ಎಂದು ಲೆಕ್ಕ ಕೈಮೀರಿ ಓಡಿಹೋಗುತ್ತದೆ. ಅದೇ −1 ಆಗಿದ್ದರೆ 0, −1, 0, −1 ಎಂದು ಅಲ್ಲಲ್ಲೇ ಸುತ್ತುತ್ತದೆ. ಒಂದು ಓಡಿಹೋಗುವ ಸಂಖ್ಯೆ, ಇನ್ನೊಂದು ಮನೆಯಲ್ಲೇ ಉಳಿಯುವ ಸಂಖ್ಯೆ.

ಈ ಸಂಖ್ಯೆಗಳೆಲ್ಲ ಒಂದೇ ಗೆರೆಯ ಮೇಲಿನವು. ಈಗ ಆ ಗೆರೆ ಬಿಟ್ಟು ಇಡೀ ಕಾಗದಕ್ಕೆ ಬನ್ನಿ. ಕಾಗದದ ಮೇಲಿನ ಪ್ರತಿ ಬಿಂದುವಿಗೂ ಅಡ್ಡ ಒಂದು, ಉದ್ದ ಒಂದು, ಹೀಗೆ ಎರಡು ಅಂಕಿ. ಈ ಜೋಡಿಯನ್ನು ಸಂಮಿಶ್ರ ಸಂಖ್ಯೆ ಎನ್ನುತ್ತಾರೆ. ಇಲ್ಲಿ ವರ್ಗ ಮಾಡುವುದು ಎಂದರೆ ಬಿಂದುವನ್ನು ತಿರುಗಿಸುವುದೂ ಹೌದು: ನಡುವಿನಿಂದ ಅದರ ದೂರದ ವರ್ಗವಾಗುತ್ತದೆ, ಕೋನ ಎರಡರಷ್ಟಾಗುತ್ತದೆ. ಮಿಕ್ಕಿದ್ದೆಲ್ಲ ಮೊದಲಿನಂತೆಯೇ. ದೂರ ಒಮ್ಮೆ 2ನ್ನು ದಾಟಿತೆಂದರೆ ಆ ಲೆಕ್ಕ ಹಿಂದಕ್ಕೆ ಬರುವುದಿಲ್ಲ. ಮನೆಯಲ್ಲೇ ಉಳಿಯುವ ಬಿಂದುಗಳಿಗೆ ಕಪ್ಪು ಬಳಿಯಿರಿ. ಓಡಿಹೋದವಕ್ಕೆ, ಎಷ್ಟನೇ ಸುತ್ತಿನಲ್ಲಿ ಓಡಿದವು ಎಂದು ಎಣಿಸಿ ಒಂದೊಂದು ಬಣ್ಣ ಕೊಡಿ. ಮ್ಯಾಂಡೆಲ್‌ಬ್ರಾಟ್ ಗಣ ಎಂದರೆ ಇಷ್ಟೇ. ಇಡೀ ಕಪ್ಪು ಆಕೃತಿ 2 ಅಳತೆಯ ತ್ರಿಜ್ಯದ ವೃತ್ತದೊಳಗೆ ಕೂರುತ್ತದೆ. ಆದರೆ ಅದರ ಅಂಚನ್ನು ಎಷ್ಟು ಹಿಗ್ಗಿಸಿದರೂ ಹೊಸ ಹೊಸ ಸುರುಳಿ, ಹೊಸ ಕವಲು ಬರುತ್ತಲೇ ಇರುತ್ತವೆ.

ಫ್ರಾನ್ಸಿನ ಗ್ಯಾಸ್ಟನ್ ಜೂಲಿಯಾ ಮತ್ತು ಪಿಯೆರ್ ಫಾತು ಮೊದಲ ಮಹಾಯುದ್ಧದ ಕಾಲದಲ್ಲೇ ಇಂಥ ಲೆಕ್ಕಗಳ ಗಣಿತವನ್ನು ಕಟ್ಟಿದ್ದರು. ಈ ಚಿತ್ರಗಳನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ, ಏಕೆಂದರೆ ಇಷ್ಟೊಂದು ಲೆಕ್ಕ ಕೈಯಲ್ಲಿ ಮಾಡಿ ಮುಗಿಯುವಂಥದ್ದಲ್ಲ. ಇವತ್ತಿನ ಸಾಮಾನ್ಯ ಪರದೆಯಲ್ಲಿ ಅಡ್ಡ 1920, ಉದ್ದ 1080 ಚುಕ್ಕಿಗಳಿರುತ್ತವೆ. ಒಟ್ಟು 20 ಲಕ್ಷಕ್ಕೂ ಜಾಸ್ತಿ. ಒಂದೊಂದಕ್ಕೂ 1000 ಸುತ್ತು ಎಂದರೆ 200 ಕೋಟಿ ದಾಟುತ್ತದೆ. 'ಫ್ರ್ಯಾಕ್ಟಲ್' ಎಂಬ ಪದವನ್ನು 1975ರಲ್ಲಿ ಟಂಕಿಸಿದ ಬೆನ್ವಾ ಮ್ಯಾಂಡೆಲ್‌ಬ್ರಾಟ್ 1980ರಲ್ಲಿ ಐಬಿಎಂನ ಕಂಪ್ಯೂಟರುಗಳಿಂದ ಈ ಆಕೃತಿಯನ್ನು ಹೊರತೆಗೆದರು. 1985ರ ಆಗಸ್ಟಿನಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆ ಅದನ್ನು ಮುಖಪುಟದಲ್ಲಿ ಹಾಕಿತು. ಮನೆಯ ಕಂಪ್ಯೂಟರಿನಲ್ಲಿ ಇದನ್ನು ಮಾಡುವುದು ಹೇಗೆ ಎಂದು ಒಳಗೆ ವಿವರಿಸಿತ್ತು. ಅಲ್ಲಿಂದ ಇದು ಹವ್ಯಾಸಿಗಳ ಕೈಗೆ ಬಂತು.

ಎಲ್ಲ ಕಂಪ್ಯೂಟರೇ ಮಾಡಿದರೆ ನಮ್ಮದೇನು ಕಲೆ ಎಂದು ಕೇಳುವವರಿದ್ದಾರೆ. ಸುಮ್ನೆ ಒಂದು ಸಂಜೆ ಮಾಡಿ ನೋಡಲಿ. ಎಲ್ಲಿ ನಿಲ್ಲಬೇಕು, ಚೌಕಟ್ಟನ್ನು ಎಷ್ಟು ಓರೆ ಮಾಡಬೇಕು, ಏನನ್ನು ಹೊರಗೆ ಬಿಡಬೇಕು, ಎಲ್ಲ ನಮ್ಮದೇ ತೀರ್ಮಾನ. ಬಣ್ಣದ ಕೆಲಸ ಇನ್ನೂ ಕಷ್ಟ. ಅಂಚಿನ ಹತ್ತಿರ ಸುತ್ತಿನ ಎಣಿಕೆ ಎಷ್ಟು ಬೇಗ ಏರಿಳಿಯುತ್ತದೆ ಎಂದರೆ, ಪಕ್ಕಪಕ್ಕದ ಚುಕ್ಕಿಗಳಿಗೇ ಸಂಬಂಧವಿಲ್ಲದ ಬಣ್ಣ ಬಿದ್ದು ಚಿತ್ರವೆಲ್ಲ ಮರಳು ಎರಚಿದ ಹಾಗೆ ಆಗುತ್ತದೆ. ದೂರದಲ್ಲಿ ಅದೇ ಎಣಿಕೆ ನಿಧಾನ. ಅಲ್ಲಿ ಬಣ್ಣ ಪಟ್ಟೆಪಟ್ಟೆಯಾಗಿ ನಿಲ್ಲುತ್ತದೆ. ಪಟ್ಟೆ ಹೋಗಬೇಕೆಂದರೆ ಸುತ್ತುಗಳನ್ನು ಪೂರ್ಣಾಂಕದಲ್ಲಿ ಎಣಿಸದೆ ಭಿನ್ನರಾಶಿಯಲ್ಲಿ ಅಳೆಯಬೇಕು. ಕಾಮನಬಿಲ್ಲಿನ ಏಳೂ ಬಣ್ಣ ಸುರಿದ ಫ್ರ್ಯಾಕ್ಟಲ್ ಚಿತ್ರಗಳು ಬೇಕಾದಷ್ಟಿವೆ. ನನಗೆ ಅವು ಹಿಡಿಸುವುದಿಲ್ಲ. ಆಕೃತಿಯೇ ಅಷ್ಟು ಜಟಿಲವಾಗಿರುವಾಗ ಎರಡು ಮೂರು ಬಣ್ಣ ಸಾಕು, ಕಣ್ಣಿಗೆ ದಾರಿ ಸಿಗುತ್ತದೆ.

ಇನ್ನು ಹಂಚಿಕೊಳ್ಳುವ ಮಾತು. ನಮ್ಮಮ್ಮ ಅತ್ತಿಗೆಗೆ ಫೋನಿನಲ್ಲೇ ರಂಗೋಲಿ ಹೇಳುತ್ತಿದ್ದರು. "15ರಿಂದ 8, ಮಧ್ಯೆ ಚುಕ್ಕಿ ಕಣೇ," ಎಂದರೆ ಆಯಿತು, ಅರ್ಧ ರಂಗೋಲಿ ಆ ಕಡೆ ತಲುಪಿದಂತೆ. ಫ್ರ್ಯಾಕ್ಟಲ್ ಚಿತ್ರ ಇಡಿಯಾಗಿಯೇ ಹಾಗೆ ತಲುಪುತ್ತದೆ. ಯಾವ ಸೂತ್ರ, ನಡುಬಿಂದುವಿನ ಎರಡು ಅಂಕಿ, ಎಷ್ಟು ಹಿಗ್ಗಿಸಿದ್ದು, ಎಷ್ಟು ಸುತ್ತಿನ ಮಿತಿ, ಬಣ್ಣದ ಪಟ್ಟಿ. ಈ ನಾಲ್ಕಾರು ಸಾಲು ಕೊಟ್ಟರೆ ಯಾರು ಬೇಕಾದರೂ ಅದೇ ಚಿತ್ರವನ್ನು, ಬೇಕಾದ ಗಾತ್ರದಲ್ಲಿ, ಹೊಸದಾಗಿ ಹುಟ್ಟಿಸಬಹುದು. ಅಲ್ಲಿಂದ ಮುಂದಕ್ಕೂ ಹೋಗಬಹುದು.

ಇದನ್ನು ಮೊದಲೇ ಅರಿತವರು ಫ್ರ್ಯಾಕ್ಟಿಂಟ್ ತಂತ್ರಾಂಶ ಕಟ್ಟಿದವರು. 1988ರಲ್ಲಿ ಬರ್ಟ್ ಟೈಲರ್ ಶುರು ಮಾಡಿದ ಕೆಲಸ ಅದು. ಆಗಿನ ಕಂಪ್ಯೂಟರುಗಳಿಗೆ ದಶಮಾಂಶದ ಲೆಕ್ಕ ಎಂದರೆ ಭಾರಿ ನಿಧಾನ. ಅವರು ಪೂರ್ಣಾಂಕಗಳಲ್ಲೇ ಲೆಕ್ಕ ಮಾಡಿಸಿ ವೇಗ ತಂದರು. ಆಮೇಲೆ ಊರೂರಿನ ಹವ್ಯಾಸಿಗಳು ಬಂದು ಕೈಜೋಡಿಸಿದರು. ಆ ತಂತ್ರಾಂಶಕ್ಕೆ ಬೆಲೆ ಇರಲಿಲ್ಲ. ನನಗೆ ಅದರಲ್ಲಿ ತುಂಬಾ ಇಷ್ಟವಾದ ಸಂಗತಿ ಎಂದರೆ, ಅದು ಉಳಿಸಿದ ಜಿಫ್ ಚಿತ್ರದ ಒಳಗೇ ಆ ಜಾಗದ ವಿವರವೂ ಕೂತಿರುತ್ತಿತ್ತು. ಚಿತ್ರ ಸಿಕ್ಕಿದವರಿಗೆ ವಿಳಾಸವೂ ಸಿಕ್ಕಂತೆಯೇ.

ವಿಳಾಸ ಗೊತ್ತಿದ್ದರೆ ಏನೇನು ಆಗಬಹುದು ಎಂಬುದಕ್ಕೆ ಒಂದು ನಿಜ ಕಥೆ ಇದೆ. ಮ್ಯಾಂಡೆಲ್‌ಬ್ರಾಟ್ ಗಣದಲ್ಲಿ ಹೃದಯದಂಥ ದೊಡ್ಡ ಭಾಗ, ಅದರ ಎಡಕ್ಕೆ ಒಂದು ಬಿಲ್ಲೆ. ಇವೆರಡೂ ಕೂಡುವ ಕುತ್ತಿಗೆ −0.75ರಲ್ಲಿದೆ. ಅಲ್ಲಿನ ಸಂದನ್ನು ಹವ್ಯಾಸಿಗಳು 'ಕಡಲಕುದುರೆ ಕಣಿವೆ' ಎಂದು ಕರೆಯುತ್ತಾರೆ. 1991ರಲ್ಲಿ ಡೇವಿಡ್ ಬಾಲ್ ಎಂಬ ಅಮೆರಿಕದ ವಿದ್ಯಾರ್ಥಿಗೆ ಒಂದು ಅನುಮಾನ ಬಂತು. ಆ ಕುತ್ತಿಗೆ ನಿಜವಾಗಿಯೂ ಒಂದೇ ಬಿಂದುವಿನಷ್ಟು ತೆಳುವೇ? ಕುತ್ತಿಗೆಯಿಂದ ನೇರ ಮೇಲಕ್ಕೆ 0.1 ದೂರದಲ್ಲಿ ಲೆಕ್ಕ ಹಾಕಿದರು, 33 ಸುತ್ತಿಗೆ ಬಿಂದು ಓಡಿಹೋಯಿತು. 0.01 ದೂರದಲ್ಲಿ 315 ಸುತ್ತು. 0.001ಕ್ಕೆ 3143. 0.0001ಕ್ಕೆ 31417. ದೂರವನ್ನು ಸುತ್ತಿನಿಂದ ಗುಣಿಸಿ ನೋಡಿ: 3.3, 3.15, 3.143, 3.1417. ವೃತ್ತದ ಪೈ! ವರ್ಗ ಮಾಡು, ಕೂಡಿಸು ಎಂಬ ಲೆಕ್ಕದಲ್ಲಿ, ವೃತ್ತದ ಹೆಸರೇ ಇಲ್ಲದ ಕಡೆ, ಅದು ಬಂದು ನಿಂತಿತ್ತು. ಬಾಲ್ ತಾವು ಕಂಡದ್ದನ್ನು ಅಂಕಿಗಳ ಸಮೇತ ಎಲ್ಲರ ಮುಂದಿಟ್ಟರು. 2001ರಲ್ಲಿ ಏರನ್ ಕ್ಲೆಬನಾಫ್ ಇದರ ಮೇಲೆ ಗಣಿತದ ಪ್ರಬಂಧ ಬರೆದರು. ನಾನೂ ಹತ್ತು ಸಾಲಿನ ಪ್ರೋಗ್ರಾಮ್ ಬರೆದು ಆ ಅಂಕಿಗಳನ್ನು ಪರದೆಯ ಮೇಲೆ ತರಿಸಿದ್ದೇನೆ. 31417 ಕಂಡ ಆ ಗಳಿಗೆಯಲ್ಲಿ ಮೈ ಜುಮ್ಮೆಂದಿತ್ತು.

ಆಮೇಲೂ ಹೀಗೆಯೇ ನಡೆದಿದೆ. ಮ್ಯಾಂಡೆಲ್‌ಬಲ್ಬ್ ಎಂಬ ಮೂರು ಆಯಾಮದ ಫ್ರ್ಯಾಕ್ಟಲ್ 2009ರಲ್ಲಿ ರೂಪ ಪಡೆದದ್ದು ಡೇನಿಯಲ್ ವೈಟ್ ಮತ್ತು ಪಾಲ್ ನೈಲ್ಯಾಂಡರ್ ಒಬ್ಬರ ಸೂತ್ರವನ್ನು ಇನ್ನೊಬ್ಬರು ತಿದ್ದಿದ್ದರಿಂದ. ಹಿಗ್ಗಿಸುತ್ತಾ ಹೋದರೆ ಒಂದು ಹಂತದಲ್ಲಿ ಕಂಪ್ಯೂಟರಿನ ಹದಿನೈದು ಹದಿನಾರು ಅಂಕಿಗಳ ನಿಖರತೆ ಸಾಲದೆ ಚಿತ್ರ ಕಲ್ಲುಹಾಸಿನಂತೆ ಚೌಕಗಳಾಗುತ್ತದೆ. 2013ರಲ್ಲಿ ಕೆ. ಐ. ಮಾರ್ಟಿನ್ ಅದಕ್ಕೊಂದು ಉಪಾಯ ತಂದರು. ಒಂದೇ ಒಂದು ಬಿಂದುವಿನ ಲೆಕ್ಕವನ್ನು ನೂರಾರು ಅಂಕಿಗಳಲ್ಲಿ ಪೂರ್ತಿ ಮಾಡುವುದು, ಉಳಿದವಕ್ಕೆ ಅದರಿಂದ ಎಷ್ಟು ವ್ಯತ್ಯಾಸ ಎಂಬುದನ್ನಷ್ಟೇ ಲೆಕ್ಕ ಹಾಕುವುದು. ಇವತ್ತಿನ ಆಳದ ಜೂಮ್ ವಿಡಿಯೊಗಳ ಹಿಂದೆ ಇರುವುದು ಆ ಉಪಾಯವೇ.

ಶುರು ಮಾಡಬೇಕು ಅನ್ನಿಸಿದವರಿಗೆ ಕ್ಸಾವೋಸ್ ಎಂಬ ತಂತ್ರಾಂಶ ಒಳ್ಳೆಯದು. ಉಚಿತ, ಮತ್ತು ಮೌಸ್ ಒತ್ತಿ ಹಿಡಿದರೆ ಆ ಜಾಗಕ್ಕೆ ನೇರ ಇಳಿಯುತ್ತಾ ಹೋಗುತ್ತದೆ. ಮೊದಲ ಪಯಣಕ್ಕೆ ಒಂದು ವಿಳಾಸ ಕೊಡುತ್ತೇನೆ. ಬಹಳ ಜನ ಹೋಗಿಬಂದ ಜಾಗವೇ ಇದು. ಅಡ್ಡ −0.743643887, ಉದ್ದ 0.131825904. ಅಗಲ 3ರಿಂದ ಶುರು ಮಾಡಿ ನಿಧಾನವಾಗಿ ಕುಗ್ಗಿಸಿ. ಮೊದಲು ಕಣಿವೆ, ಆಮೇಲೆ ಒಂದು ಕಡಲಕುದುರೆ, ಅದರ ಬಾಲ, ಬಾಲದ ಸುರುಳಿ ಕಾಣುತ್ತವೆ. ಚಿತ್ರದಲ್ಲಿ ಕಪ್ಪು ಕಲೆಗಳು ಹರಡಿ ಗೆರೆಗಳು ಮಂಕಾಗತೊಡಗಿದರೆ ಸುತ್ತಿನ ಮಿತಿಯನ್ನು ಏರಿಸಿ. ದಾರಿಯಲ್ಲಿ ಯಾವುದಾದರೂ ಕವಲು ಕರೆದರೆ ಆ ಕಡೆ ತಿರುಗಿ. ತಿರುಗುವ ಮೊದಲು ಅಂಕಿಗಳನ್ನು ಬರೆದುಕೊಳ್ಳಿ.