ಕೋರ್ಟಿಗೆ ಪೊಲೀಸರಿಲ್ಲ, ಅಮೆರಿಕಕ್ಕೆ ಅದು ಚೆನ್ನಾಗಿ ಗೊತ್ತಿತ್ತು

ಹೇಗ್ ಅಂದ ಕೂಡಲೇ ನಮಗೆ ಕುಲಭೂಷಣ್ ಜಾಧವ್ ಕೇಸು ನೆನಪಾಗುತ್ತದೆ. ಆ ಕೋರ್ಟೇ ಬೇರೆ, ದೇಶ ದೇಶಗಳ ವ್ಯಾಜ್ಯ ನೋಡುವಂಥದ್ದು. ಅದೇ ಊರಿನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಅಂತ ಇನ್ನೊಂದಿದೆ. ಇದು ನರಮೇಧ, ಯುದ್ಧಾಪರಾಧ ಮಾಡಿದ ವ್ಯಕ್ತಿಗಳನ್ನೇ ಕಟಕಟೆಗೆ ತರುತ್ತದೆ.

ಅಮೆರಿಕ ಇದರ ಸದಸ್ಯನಲ್ಲ, ಹಾಗಾಗಿ ಅದರ ಸೈನಿಕರನ್ನು ಮುಟ್ಟುವಂತಿಲ್ಲ ಅಂತ ಜನ ಸುಮ್ನೆ ಹೇಳಿಬಿಡುತ್ತಾರೆ. ತಪ್ಪು. ಅಪರಾಧ ಸದಸ್ಯ ದೇಶದ ನೆಲದಲ್ಲಿ ನಡೆದಿದ್ದರೆ ಸಾಕು, ಆರೋಪಿ ಯಾವ ದೇಶದವನಾದರೂ ವಿಚಾರಣೆ ನಡೆಸಬಹುದು. ಅಮೆರಿಕದ ತಲೆನೋವು ಇದೇ. 2002ರ ಆಗಸ್ಟ್‌ನಲ್ಲಿ ಅದು ಒಂದು ಕಾನೂನು ತಂದಿತು. ಕೋರ್ಟಿನ ಸದಸ್ಯ ದೇಶಗಳಿಗೆ ಮಿಲಿಟರಿ ನೆರವು ಬಂದ್, ಅಮೆರಿಕನ್ನರನ್ನು ಹೇಗ್‌ಗೆ ಒಪ್ಪಿಸುವುದಿಲ್ಲ ಅಂತ ಬರೆದುಕೊಟ್ಟರೆ ವಿನಾಯಿತಿ. ನೇಟೊ ದೇಶಗಳಿಗೆ, ಜಪಾನ್, ಆಸ್ಟ್ರೇಲಿಯಾದಂಥ ಆಪ್ತರಿಗೆ ಈ ಕಾಟವೇ ಇಲ್ಲ!

ಜಾಣತನ ನೋಡಿ. ಹೀಗೆ ಬರೆದುಕೊಟ್ಟರೆ ಕೋರ್ಟಿನ ಅಧಿಕಾರ ಒಂದಿಷ್ಟೂ ತಗ್ಗುವುದಿಲ್ಲ, ಅದು ವಾರಂಟ್ ಹೊರಡಿಸಬಹುದು. ಆದರೆ ಅದಕ್ಕೆ ಸ್ವಂತ ಪೊಲೀಸರಿಲ್ಲವಲ್ಲ, ಹಿಡಿದುಕೊಡಬೇಕಾದವರು ಸದಸ್ಯ ದೇಶಗಳೇ. ಈ ಕೋರ್ಟನ್ನು ಹುಟ್ಟುಹಾಕಿದ ರೋಮ್ ಒಡಂಬಡಿಕೆಯ 98ನೇ ವಿಧಿಯ ಪ್ರಕಾರ, ಸೈನಿಕನನ್ನು ಕಳಿಸಿದ ದೇಶದ ಒಪ್ಪಿಗೆ ಬೇಕು ಅಂತ ಮೊದಲೇ ಒಪ್ಪಂದವಿದ್ದರೆ, ಅದನ್ನು ಮುರಿದು ಆತನನ್ನು ಒಪ್ಪಿಸಿ ಅಂತ ಕೋರ್ಟ್ ಕೇಳುವಂತಿಲ್ಲ. ಪರದೇಶದಲ್ಲಿ ಬೀಡುಬಿಟ್ಟ ಪಡೆಗಳ ಒಪ್ಪಂದಗಳಿಗಷ್ಟೇ ಆ ಮಾತು ಅನ್ವಯ ಅಂತ ಎಷ್ಟೋ ಕಾನೂನು ಪಂಡಿತರು ವಾದಿಸಿದರು. ಅಮೆರಿಕ ಕೇಳಬೇಕಲ್ಲ! ನೂರಕ್ಕೂ ಹೆಚ್ಚು ದೇಶಗಳಿಂದ ಸಹಿ ಹಾಕಿಸಿಕೊಂಡಿತು. 2002ರ ಡಿಸೆಂಬರ್‌ನಲ್ಲಿ ಭಾರತವೂ ಸಹಿ ಹಾಕಿತು. ನಾವು ಕೋರ್ಟಿನ ಸದಸ್ಯರೇ ಅಲ್ಲ, ಈ ಕಾನೂನಿನಿಂದ ನೆರವು ತಪ್ಪುವ ಭಯವೇನೂ ಇರಲಿಲ್ಲ.

2003ರ ಜುಲೈ 1ರಂದು 35 ದೇಶಗಳಿಗೆ ನೆರವು ನಿಂತಿತು. ಬ್ರೆಜಿಲ್, ದಕ್ಷಿಣ ಆಫ್ರಿಕಾ ಜಗ್ಗಲಿಲ್ಲ. ಆಮೇಲೆ ಪೆಟ್ಟು ಬಿದ್ದಿದ್ದು ಅಮೆರಿಕಕ್ಕೇ. ಲ್ಯಾಟಿನ್ ಅಮೆರಿಕದ 11 ದೇಶಗಳ ಸೇನಾಧಿಕಾರಿಗಳಿಗೆ ಅಮೆರಿಕದ ತರಬೇತಿ ತಪ್ಪಿಹೋಗಿತ್ತು, ಆ ಜಾಗಕ್ಕೆ ಚೀನಾ ಬರುತ್ತಿದೆ ಅಂತ ಆ ಭಾಗದ ಹೊಣೆ ಹೊತ್ತಿದ್ದ ಅಮೆರಿಕದ ಸೇನಾ ಕಮಾಂಡರ್ ಜನರಲ್ ಕ್ರಾಡಾಕ್ 2006ರಲ್ಲಿ ಅಮೆರಿಕನ್ ಕಾಂಗ್ರೆಸ್ ಮುಂದೆ ಎಚ್ಚರಿಸಿದರು. ನಮ್ಮ ಕಾಲಿಗೆ ನಾವೇ ಗುಂಡು ಹೊಡೆದುಕೊಂಡಂತಾಗಿದೆ ಅಂತ ವಿದೇಶಾಂಗ ಸಚಿವೆ ಕಾಂಡೊಲೀಜಾ ರೈಸ್ ಕೂಡ ಅದೇ ವರ್ಷ ಒಪ್ಪಿಕೊಂಡರು. ಮೊದಲು ತರಬೇತಿಯ ನಿರ್ಬಂಧ ಹೋಯಿತು, 2008ರಲ್ಲಿ ಮಿಕ್ಕ ಮಿಲಿಟರಿ ನೆರವಿನದ್ದೂ ಹೋಯಿತು. ಕೋರ್ಟ್ ಹಿಡಿದಿಟ್ಟ ಅಮೆರಿಕನ್ನರನ್ನು ಬಿಡಿಸಲು ಅಧ್ಯಕ್ಷರು ಬೇಕಾದ ದಾರಿ ಹಿಡಿಯಬಹುದು ಅನ್ನುವ ಕಲಂ ಆ ಕಾನೂನಿನಲ್ಲಿ ಹಾಗೇ ಉಳಿಯಿತು.